ನಿಮ್ಮಿಷ್ಟ

ಬಿಳಿ ಕೋಟಿನ ಮೂರನೇ ಗುಂಡಿಯನ್ನು ನೀಲಿ ದಾರದಲ್ಲಿ ಹೊಲಿದಿದ್ದಾರೆ, ಇಷ್ಟು ದೊಡ್ಡ ಡಾಕ್ಟರಿಗೆ ಒಂದು ಗುಂಡಿ ನೆಟ್ಟಗೆ ಹಾಕಿಕೊಡುವವರಿಲ್ಲವೇ ಎಂದು ಟೈಲರ್ ಆ ದಾರವನ್ನೇ ನೋಡುತ್ತಿದ್ದಾನೆ, ಮಾತು ಮಾತ್ರ ಕಿವಿಗೆ ಬೀಳುತ್ತಲೇ ಇದೆ — ಹೃದಯದ ಮೂರು ನಾಳ ಕಟ್ಟಿವೆ, ಸ್ಟೆಂಟ್ ಹಾಕಬಹುದು, ಎದೆ ತೆರೆದು ಬೈಪಾಸ್ ಮಾಡಬಹುದು, ಬೇಡ ಅಂದ್ರೆ ಮಾತ್ರೆಯಲ್ಲೇ ಸಾಗಿಸಬಹುದು, ಬೈಪಾಸ್‌ಗೆ ನಿಮ್ಮ ಕಾಲಿಂದಲೇ ನಾಳ ತೆಗೀತೀವಿ — ಅದೇನು ಹೊಸದೇ, ಪ್ಯಾಂಟಿನ ಕಾಲಿನ ಮಡಿಕೆ ಬಿಚ್ಚಿ ಸೀಟಿಗೆ ತೇಪೆ ಹಾಕುವುದು, ನಲವತ್ತು ವರ್ಷ ಅವನು ಮಾಡಿದ್ದೂ ಅದನ್ನೇ, ನಗು ಬಂತು, ನಕ್ಕರೆ ಎದೆ ಹಿಂಡುತ್ತದೆ, ನಗುವನ್ನು ನುಂಗಿಕೊಂಡ. ಯೋಚನೆ ಮಾಡಿ, ನಿಮ್ಮಿಷ್ಟ, ಹತ್ತು ನಿಮಿಷ ಬಿಟ್ಟು ಬರ್ತೀನಿ ಎಂದು ಡಾಕ್ಟರ್ ಎದ್ದು ಹೋದರು. ಮಗಳು ಎಡಕ್ಕೆ, ಅಪ್ಪಾ, ಒಂದೇ ಸಲ ಆಪರೇಷನ್ ಆಗಿಬಿಡ್ಲಿ, ಹೆಂಡತಿ ಬಲಕ್ಕೆ, ಎದೆ ಕೊಯ್ಯೋದು ಬೇಡ ಕಣ್ರೀ, ಸ್ಟೆಂಟೇ ಸಾಕು, ಇಬ್ಬರ ನಡುವೆ ಅವನು, ಸಹಿ ಹಾಕಬೇಕಾದ ಕಾಗದ, ಆದರೆ ಆ ಮಾತು, ನಿಮ್ಮಿಷ್ಟ, ಅದನ್ನು ಎಲ್ಲಿ ಕೇಳಿದ್ದು — ತನ್ನ ಬಾಯಲ್ಲೇ, ಹಿಂದೊಮ್ಮೆ ಅಂಗಡಿಗೆ ಬಂದ ಒಬ್ಬ ಹೆಂಗಸಿಗೆ ಅಂದದ್ದು, ಸತ್ತ ಗಂಡನ ಕೋಟು ತಂದಿದ್ದಳು, ಮಗನ ಅಳತೆಗೆ ಮಾಡಿಕೊಡಿ ಅಣ್ಣಾ, ಮದುವೆ ಇದೆ, ಟ್ಯೂಬ್‌ಲೈಟಿಗೆ ಹಿಡಿದು ನೋಡಿದ, ಭುಜದಲ್ಲಿ ಬೆಳಕು ತೂರಿ ಬರುತ್ತಿತ್ತು, ಸೂಜಿ ಇಳಿಸಿದರೆ ಹರಿಯುತ್ತದೆ, ಹೇಳುವುದಕ್ಕೆ ಬಾಯಿ ಬರಲಿಲ್ಲ, ಹೊಲಿ ಅಂದ್ರೆ ಹೊಲೀತೀನಮ್ಮಾ, ನಿಮ್ಮಿಷ್ಟ. ಗಟ್ಟಿ ಬಟ್ಟೆ ತಂದವರಿಗೆ ಒಂದು ದಿನವಾದರೂ ನಿಮ್ಮಿಷ್ಟ ಅಂದಿದ್ದಾನೆಯೇ, ಶನಿವಾರ ಬನ್ನಿ ಅಂದಿದ್ದಾನೆ, ಅಷ್ಟೇ, ಶನಿವಾರ ಕೊಟ್ಟಿಲ್ಲ, ಅದು ಬೇರೆ ಮಾತು. ಡಾಕ್ಟರೂ ಪರದೆಯ ಮೇಲಿನ ಆ ನಾಳಗಳನ್ನು ಬಹಳ ಹೊತ್ತು ನೋಡಿದರಲ್ಲ, ಆಮೇಲೆ ತಾನೇ ದನಿ ಅಷ್ಟು ಮೆತ್ತಗಾದದ್ದು, ಸಾಯುವುದಕ್ಕೆ ಹೆದರಿಕೆ, ಇಷ್ಟು ಹೆದರಿಕೆ ತನ್ನೊಳಗಿತ್ತೆಂದು ಗೊತ್ತೇ ಇರಲಿಲ್ಲ, ಬೈಯಲಿ, ಗದರಲಿ, ಬಂದು ಮಲಗಯ್ಯಾ ಸುಮ್ಮನೆ ಅನ್ನಲಿ. ಬಾಗಿಲು ತೆರೆಯಿತು, ನೀಲಿ ದಾರ ಒಳಗೆ ಬಂತು, ಡಾಕ್ಟ್ರೇ, ಆಪರೇಷನ್ನಿಗೆ ಯಾವತ್ತು ಬರಲಿ, ಶನಿವಾರವಾ — ಡಾಕ್ಟರ್ ಫೈಲಿನ ಅಂಚನ್ನು ಸವರಿದರು, ಮುಖ ನೋಡಲಿಲ್ಲ, ನೋಡಿ, ನಿಮ್ಮಿಷ್ಟ — ಅವತ್ತು ಆ ಹೆಂಗಸು, ನಿಮ್ಮಿಷ್ಟ ಎಂದಾಕ್ಷಣ, ಕೋಟನ್ನು ಹಿಂದಕ್ಕೆ ತಗೊಂಡು ಅಂಗಡಿಯ ಮೇಜಿನ ಮೇಲೆ ಹರಡಿದಳು, ಒಂದು ತೋಳು ಒಳಕ್ಕೆ ಮಡಚಿದಳು, ಇನ್ನೊಂದು ತೋಳು ಒಳಕ್ಕೆ, ಗುಂಡಿ ಹಾಕಿದಳು, ಒಂದು, ಎರಡು, ಮೂರನೆಯದು