ಕತ್ತರಿ ಅಕ್ಕ ಅಂಗಡಿ ಜೋಡಿಸಿದ್ದು

ವರ್ಷದ ಕೊನೆಯ ವಾರ ಹೊಸ ಕೆಲಸ ಹಿಡಿಯದೆ ಅಂಗಡಿಯನ್ನು ಒಪ್ಪ ಮಾಡಿಬಿಡೋಣ ಎಂದವಳು ತಂಗಿ. ಅಕ್ಕನಿಗೆ ನಂಬಲಾಗಲಿಲ್ಲ. ಕೆಲಸ ಮುಗಿದ ಮೇಲೆ ಸೂಜಿಯನ್ನು ಕುರ್ಚಿಯ ಬೆನ್ನಿಗೆ ಚುಚ್ಚಿ ಎದ್ದು ಹೋಗುವವಳು, ಗುಂಡಿಯ ಡಬ್ಬಿಗೆ ಮುಚ್ಚಳ ಹಾಕುವುದೆಂದರೆ ಏನೆಂದೇ ಅರಿಯದವಳು, ತಾನಾಗಿ ಇಂಥ ಮಾತು ಆಡಿದ್ದಳು.

“ಏನೇ ಪುಟ್ಟಿ, ಜ್ವರ ಗಿರ ಬಂದಿದೆಯಾ?” ಎಂದಳು ಅಕ್ಕ.

“ಹೊಸ ವರ್ಷಕ್ಕಾದ್ರೂ ಅಂಗಡಿ ಅಂಗಡಿ ಥರ ಇರ್ಲಿ ಅಂತ,” ಎಂದು ತಂಗಿ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಳು.

ಪುಟ್ಟಿ ಎಂಬ ಹೆಸರಿಗೆ ಆಗಲೇ ನಲವತ್ತು ತುಂಬುತ್ತ ಬಂದಿತ್ತು. ಗಂಡ, ಇಬ್ಬರು ಮಕ್ಕಳು, ಬೇರೆ ಮನೆ ಎಲ್ಲ ಇದ್ದರೂ ಅಂಗಡಿಯ ಹೊಸ್ತಿಲು ದಾಟಿದೊಡನೆ ಅವಳು ಪುಟ್ಟಿ. ಅಕ್ಕ ಮದುವೆಯಾಗಿರಲಿಲ್ಲ, ತಾಯಿಯೊಂದಿಗೆ ಇದ್ದಳು. ಬೀದಿಗೆ ಮುಖ ಮಾಡಿದ ಆ ಉದ್ದನೆಯ ಕೋಣೆಯಲ್ಲಿ ತಾಯಿ ಶುರು ಮಾಡಿದ ಹೊಲಿಗೆಯನ್ನು ಅಕ್ಕತಂಗಿ ಸೇರಿ ನಡೆಸಿಕೊಂಡು ಬಂದಿದ್ದರು. ಅಳತೆ ಹಿಡಿಯುವುದು, ಬಟ್ಟೆ ಕತ್ತರಿಸುವುದು ಅಕ್ಕನದು. ಹೊಲಿಯುವುದು, ಗುಂಡಿಗೆ ಕಾಜಾ ತೆಗೆಯುವುದು, ಅಂಚು ಮಡಿಸುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು ತಂಗಿಯದು. ಗಿರಾಕಿಗಳು ಅಕ್ಕನಿಗೆ ಬೆನ್ನ ಹಿಂದೆ ಕತ್ತರಿ ಅಕ್ಕ ಎನ್ನುತ್ತಿದ್ದರು. ಕೈಯಲ್ಲಿದ್ದುದಕ್ಕೆ ಹಾಗೆನ್ನುತ್ತಾರೆಂದು ಅವಳ ಎಣಿಕೆ. ಬಾಯಲ್ಲಿದ್ದುದಕ್ಕೆ ಎಂದು ಬೀದಿಗೆಲ್ಲ ಗೊತ್ತಿತ್ತು.

ಒಪ್ಪ ಮಾಡುವುದೆಂದರೆ ಅಕ್ಕನಿಗೆ ಎಲ್ಲಿಲ್ಲದ ಹುಮ್ಮಸ್ಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಕೆಳಗೆ ನುಗ್ಗಿದಳು. ವರ್ಷಗಳಿಂದ ಕಾಲಲ್ಲೇ ಒಳಕ್ಕೆ ತಳ್ಳುತ್ತ ಬಂದಿದ್ದ ಚೂರು ಬಟ್ಟೆಯ ಗುಡ್ಡ ಗೋಣಿಚೀಲಗಳಿಗೆ ಇಳಿಯಿತು. ಹಲ್ಲು ಕಚ್ಚಿಕೊಂಡ ಜಿಪ್‌ಗಳು, ತುಕ್ಕು ಹಿಡಿದ ಹುಕ್ಕುಗಳು, ಯಾರದೋ ಮಗುವಿಗೆಂದು ಹೊಲಿದು ಯಾರೂ ಒಯ್ಯದ ಕೋಟು, ಒಂದೇ ಒಂದು ಚಪ್ಪಲಿ.

“ಇದ್ಯಾರದೇ?” ಎಂದಳು ಅಕ್ಕ ಚಪ್ಪಲಿ ಎತ್ತಿ ಹಿಡಿದು.

“ಇನ್ನೊಂದು ಕಾಲಲ್ಲಿ ಕುಂಟ್ಕೊಂಡು ಬರ್ತಾರೆ, ಇಟ್ಟಿರು,” ಎಂದಳು ತಂಗಿ. ಇಬ್ಬರೂ ನಕ್ಕರು. ಹಾಗೆ ಒಟ್ಟಿಗೆ ನಕ್ಕು ಬಹಳ ಕಾಲವಾಗಿತ್ತು.

ದಾರದ ರೀಲುಗಳನ್ನು ಬಣ್ಣ ನೋಡಿ ಬೇರೆ ಮಾಡಿದರು. ತಂಗಿ ಮಾತ್ರ ಎಲ್ಲದರಲ್ಲೂ ಒಂದಿಷ್ಟನ್ನು ಎತ್ತಿ ತನ್ನ ಮಷಿನ್ನಿನ ಬಳಿ ಇಟ್ಟುಕೊಳ್ಳುತ್ತಿದ್ದಳು. “ನನ್ನ ಕೈಗೆ ಸಿಗೋ ಹಾಗೆ ಈ ಕಡೆ ಇರ್ಲಿ.” ಬುದ್ಧಿವಂತಿಕೆ ಎಂದುಕೊಂಡ ಅಕ್ಕ ಡಬ್ಬಿಗಳನ್ನು ತಾನೇ ಒರೆಸಿ ಕೊಟ್ಟಳು. ತನ್ನ ದುಂಡು ಅಕ್ಷರದಲ್ಲಿ ‘ಬಿಳಿ ಗುಂಡಿ’, ‘ಅಸ್ತರು’, ‘ಎಲಾಸ್ಟಿಕ್ಕು’ ಎಂದು ಚೀಟಿ ಬರೆದು ಅಂಟಿಸಿದಳು. ಮುಚ್ಚಳ ಕಳಚದಿರಲೆಂದು ಮೇಲೆ ಹುರಿ ಕಟ್ಟತೊಡಗಿದಳು.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೋಣೆಯ ನೆಲ ಕಂಡಿತು. ಅಕ್ಕ ಬಾಗಿಲಲ್ಲಿ ನಿಂತು ಒಳಗನ್ನು ಕಣ್ತುಂಬ ನೋಡಿದಳು. ಮನಸ್ಸು ಹಗುರವಾಗಿತ್ತು. ಅದಕ್ಕೇ ಬಾಯಿಂದ ಆ ಮಾತು ಬಂತು.

“ಪುಟ್ಟಿ, ಅಂಗಡಿಗೆ ಕಳೆ ಬಂತು ನೋಡು. ನಿನ್ನ ಕೈಲಿ ಆಗಲ್ಲ ಅಂದ್ಕೊಂಡಿದ್ದೆ, ಸುಳ್ಳು ಮಾಡ್ಬಿಟ್ಟೆ.”

ತಂಗಿ ಸ್ಟೂಲಿನ ಮೇಲೆ ಕೂತಳು. “ಅಕ್ಕ, ಹೊಗಳ್ಬೇಡ.”

“ಹೊಗಳಿದ್ರೂ ಕಷ್ಟನಾ ನಿಂಗೆ?”

“ನನ್ನ ಮಷಿನ್ ಹತ್ರ ಇಟ್ಟಿರೋ ಡಬ್ಬಿ ಯಾವುದೂ ಇಲ್ಲಿ ಇರಲ್ಲ. ಹಿಂದಿನ ಬೀದಿಲಿ ನಾನೊಂದು ಅಂಗಡಿ ಹಿಡಿದಿದ್ದೀನಿ. ಒಂದನೇ ತಾರೀಕು ಬಾಗಿಲು ತೆಗಿತೀನಿ.”

ಅಕ್ಕನ ಕೈಯಲ್ಲಿ ಅರ್ಧ ಕಟ್ಟಿದ ಹುರಿ ಇತ್ತು. ಮೂರು ದಿನದಿಂದ ತಾನು ಮಾಡಿದ್ದು ಮೂಟೆ ಕಟ್ಟುವ ಕೆಲಸ ಎಂದು ಅವಳಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

“ಅಮ್ಮಂಗೆ ಗೊತ್ತಾ?”

“ಗೊತ್ತು.”

“ನಾನೇನೇ ಕಮ್ಮಿ ಮಾಡಿದ್ದೆ ನಿಂಗೆ?”

“ಕತ್ತರಿ ಕೊಡ್ಲಿಲ್ಲ,” ಎಂದಳು ತಂಗಿ. ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಹಾಗಿತ್ತು. “ಒಂದ್ಸಲ ನಾನು ಅಂಗಿ ತೋಳು ಕತ್ತರಿಸಿದ್ದೆ. ಗಿರಾಕಿ ಎದುರಿಗೇ ನೀನು ಅದನ್ನ ಕಸಕ್ಕೆ ಹಾಕ್ದೆ. ಆಮೇಲೆ ಆ ಮೇಜಿನ ಹತ್ರಾನೂ ಬಿಡ್ಲಿಲ್ಲ. ಇನ್ನೂ ಎಷ್ಟು ವರ್ಷ ಕಾಜಾ ತೆಗೀತಾ ಕೂತಿರ್ಲಿ?”

ಅಕ್ಕ ನೆನಪಿನ ಮೂಲೆಯನ್ನೆಲ್ಲ ತಡಕಾಡಿದಳು. ಯಾವ ಅಂಗಿ, ಯಾವ ತೋಳು? ನಿಜವಾಗಿಯೂ ಏನೂ ನೆನಪಿಗೆ ಬರಲಿಲ್ಲ.

“ಹೋಗೋದು ಹೋಗು. ಕಳ್ಳರ ಥರ ಯಾಕೆ? ನನ್ನ ಕೈಲೇ ಕಟ್ಟಿಸ್ಕೊಂಡ್ಯಲ್ಲ.”

“ಮೊದಲೇ ಹೇಳಿದ್ರೆ ಬಿಡ್ತಿದ್ಯಾ?”

ಅಕ್ಕ ಉಳಿದ ಹುರಿಯನ್ನು ಜಗ್ಗಿ ಗಂಟು ಹಾಕಿದಳು. ಆಮೇಲೆ ನಡೆದದ್ದು ಲೆಕ್ಕಾಚಾರದ ಹಂಚಿಕೆ. ಮಷಿನ್ನು, ಕುರ್ಚಿ ನಿನಗೊಂದು ನನಗೊಂದು, ಸ್ಟೂಲು ನನಗೆ, ಕನ್ನಡಿ ನಿನಗೆ. ಜಗಳದ ಬಿಸಿಯೂ ಇರಲಿಲ್ಲ. ಕೊನೆಗೆ ಗೋಡೆಯ ಮೊಳೆಗೆ ತೂಗುಹಾಕಿದ್ದ ನಮೂನೆಗಳು ಉಳಿದವು. ಶಾಲೆಯ ಅಂಗಿ, ಲಂಗ, ಕೋಟಿಗೆಂದು ಅಕ್ಕ ಅಳತೆ ಹಾಕಿ ದಪ್ಪ ಕಾಗದದಲ್ಲಿ ಕತ್ತರಿಸಿಟ್ಟವು. ಬಟ್ಟೆಯ ಮೇಲೆ ಇಟ್ಟು ಸುತ್ತ ಗೆರೆ ಎಳೆದರೆ ಸಾಕು, ಕೆಲಸ ಅರ್ಧ ಮುಗಿದ ಹಾಗೆ.

“ಶಾಲೆಯವು ಒಂದ್ವಾರ ಕೊಡು. ಗೆರೆ ಎಳ್ಕೊಂಡು ವಾಪಸ್ ಕೊಡ್ತೀನಿ,” ಎಂದಳು ತಂಗಿ.

“ವಾಪಸ್ ಯಾಕೆ? ಸಮಪಾಲು ಅಂದ್ಮೇಲೆ ಸಮಪಾಲು.”

ಅಕ್ಕ ನಮೂನೆಗಳ ಕಟ್ಟನ್ನು ಇಳಿಸಿ, ಮೇಜಿನ ಮೇಲೆ ಒಂದೊಂದನ್ನೇ ಹಾಸಿ, ನಟ್ಟನಡುವೆ ಕತ್ತರಿ ಆಡಿಸಿದಳು. ಬೆನ್ನಿನ ಮೇಲ್ಭಾಗ ಈ ಕಡೆ, ಕೆಳಭಾಗ ಆ ಕಡೆ. ಕಾಲರು ಎರಡು ತುಂಡು. ತಂಗಿ ತಡೆಯಲಿಲ್ಲ, ಅಳಲಿಲ್ಲ. ಕತ್ತರಿಸಿ ಮುಗಿಯುವವರೆಗೆ ನಿಂತಿದ್ದು, ತನ್ನ ಪಾಲಿನ ಕಾಗದಗಳನ್ನು ಮುಟ್ಟದೆ ಗಂಡನಿಗೆ ಫೋನು ಮಾಡಿ ಗಾಡಿ ತರಲು ಹೇಳಿದಳು.

ಅಕ್ಕ ಮನೆಗೆ ಹೋಗಿ ತಾಯಿಯ ಮೇಲೆ ಹರಿಹಾಯ್ದಾಗ ಆಕೆ ಮಂಚದಲ್ಲಿ ಮಗ್ಗುಲು ಬದಲಿಸಿದಳು. “ನಿಂಗೆ ಏನಾದ್ರೂ ಹೇಳೋಕೆ ನಂಗೂ ಭಯ ಕಣೇ,” ಎಂದಳು. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಆ ಮಾತಿಗೆ.

ಹೊಸ ವರ್ಷ ಬಂತು. ಅಕ್ಕನ ಅಂಗಡಿ ಕನ್ನಡಿಯ ಹಾಗಿತ್ತು. ಬೇಕಾದ ದಾರ ಬೇಕಾದ ಕಡೆ, ಬೇಕಾದ ಗುಂಡಿ ಬೇಕಾದ ಡಬ್ಬಿಯಲ್ಲಿ. ಇಲ್ಲದಿದ್ದವು ನಮೂನೆಗಳು. ಶಾಲೆಯ ಬಟ್ಟೆಯ ಕೆಲಸ ಬಂದಾಗ ಅವಳು ಮೊದಲಿಂದ ಗೆರೆ ಎಳೆಯುತ್ತ ಕೂತಳು, ಹೇಳಿದ ದಿನಕ್ಕೆ ಕೊಡಲಾಗಲಿಲ್ಲ. ಒಂದೆರಡು ಮನೆಯವರು ಬಟ್ಟೆ ಹಾಗೇ ವಾಪಸು ಒಯ್ದರು. ವಾರಕ್ಕೊಮ್ಮೆ ಬಂದು ಬಟ್ಟೆ ಒಯ್ಯುತ್ತಿದ್ದ ಇಸ್ತ್ರಿಯವನು ಬರಿಗೈಯಲ್ಲಿ ನಿಂತು ಹೇಳಿದ: “ನಿಮ್ಮ ತಂಗಿ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲಮ್ಮ. ಬಟ್ಟೆ ಮೇಲೆ ಬಟ್ಟೆ. ನಿಮ್ಮದೇ ಚೊಕ್ಕಟ.”

ಭಾನುವಾರ ತಂಗಿ ತಾಯಿಯನ್ನು ನೋಡಲು ಬರುತ್ತಿದ್ದಳು. ಔಷಧಿ ತಂದ್ಯಾ, ತಂದೆ, ಊಟ ಆಯ್ತಾ, ಆಯ್ತು. ಅಷ್ಟೇ ಮಾತು. ಅಕ್ಕ ಅವಳನ್ನು ಪುಟ್ಟಿ ಎನ್ನುವುದನ್ನು ಬಿಟ್ಟಿದ್ದಳು. ಬೇರೆ ಏನೆನ್ನಬೇಕೆಂದು ತಿಳಿಯದೆ ಹೆಸರಿಲ್ಲದೆಯೇ ಮಾತಾಡುತ್ತಿದ್ದಳು.

ತಿಂಗಳು ಕಳೆದ ಮೇಲೆ ಹಳೆಯ ಗಿರಾಕಿ, ನಿವೃತ್ತ ಟೀಚರಮ್ಮ, ಕೋಟಿನ ಬಟ್ಟೆ ಹಿಡಿದು ಬಂದರು. ಸುತ್ತ ನೋಡಿ, ಕೂರದೆ, ಸಂಕೋಚದಿಂದ ಕೇಳಿದರು.

“ತಪ್ಪು ತಿಳ್ಕೋಬೇಡಮ್ಮ. ನಿನ್ನ ತಂಗಿ ಅಂಗಡಿ ಎಲ್ಲಿ ಬರುತ್ತೆ?”

ಅಕ್ಕ ಸೀಮೆಸುಣ್ಣದ ಕೈ ಒರೆಸಿಕೊಂಡಳು. “ಹಿಂದಿನ ಬೀದಿ. ಔಷಧಿ ಅಂಗಡಿ ದಾಟಿ ಎಡಗಡೆ ನೀಲಿ ಬಾಗಿಲು. ಮೆಟ್ಟಿಲು ಎರಡಿದೆ, ಮೇಲಿಂದು ಅಲ್ಲಾಡುತ್ತೆ. ಗೋಡೆ ಹಿಡ್ಕೊಂಡು ಹತ್ತಿ.”

“ನೀನೂ ಹೋಗ್ತಿರ್ತೀಯಾ, ಒಳ್ಳೇದಾಯ್ತು.”

“ಒಳಗೆ ಹೋಗಿಲ್ಲ,” ಎಂದಳು ಅಕ್ಕ.

ಟೀಚರಮ್ಮ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಅವರು ಬೀದಿಯ ತಿರುವು ದಾಟುವವರೆಗೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.