ಕಿಟಕಿಯೆದುರಿನ ಕುರ್ಚಿ

ನನ್ನ ಮಾವನಿಗೆ ಕಣ್ಣು ಹೋಗಿ ಮೂರು ತಿಂಗಳಾಗಿತ್ತು. ಹಟ ಮಾತ್ರ ಎಲ್ಲೂ ಹೋಗಿರಲಿಲ್ಲ. ಆ ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ, ಬೈಕು ಕೊಟ್ಟುಬಿಡುವ ಮುಂಚೆ ಒಂದು ಸಲ ನಮ್ಮ ಮೂರೂ ಬಾರುಗಳಿಗೆ ಹೋಗಿಬರೋಣ ಅಂದರು. ಮರುದಿನ ಅವರ ತಂಗಿಯ ಮಗ ಬಂದು ಅದನ್ನು ಒಯ್ಯುವುದೆಂದು ಮಾತಾಗಿತ್ತು.

ಆ ಬೈಕು ನನಗೆ ಬೇಕಿತ್ತು. ಮದುವೆಯಾಗಿ ಬಂದ ವರ್ಷವೇ ಅದನ್ನು ಓಡಿಸಲು ಕಲಿಸಿದವರು ಮಾವ. ಅವರ ಮಗ, ಅಂದರೆ ನನ್ನ ಗಂಡ, ಸೈಕಲ್ಲು ಕಂಡರೂ ಎರಡು ಹೆಜ್ಜೆ ಹಿಂದೆ ಸರಿಯುವ ಜೀವ. ಹನ್ನೊಂದು ವರ್ಷದಿಂದ ಅದರ ಚೈನಿಗೆ ಎಣ್ಣೆ ಬಿಟ್ಟವಳು ನಾನು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಕೊಡುವವರಿಗೇ ತಿಳಿಯಲಿ ಅನ್ನುವ ಬಿಂಕ ನನ್ನದು.

ಬೈಕಿನವರಿಗೆ ಒಗ್ಗುವ ಬಾರು ಯಾವುದು ಅಂದರೆ ಮಾವ ಹೇಳುವುದು ಒಂದೇ: ಕೂತಲ್ಲಿಂದ ಬೈಕು ಕಾಣಬೇಕು. ಇಷ್ಟು ದೊಡ್ಡ ಗದ್ದಲದ ಪಟ್ಟಣದಲ್ಲಿ ಅಂಥವು ಮೂರೇ ಅಂತ ಅವರ ವಾದ. ಅಲ್ಲಿ ಎಲ್ಲರೂ ಪಾಲಿಸುವ ಪದ್ಧತಿಯೊಂದಿದೆ. ಕಿಟಕಿಗೆ ಮುಖ ಮಾಡಿದ ಕುರ್ಚಿ ಬೈಕಿನ ಒಡೆಯರಿಗೆ, ಜೊತೆಗೆ ಬಂದವರು ಕಿಟಕಿಗೆ ಬೆನ್ನು ಹಾಕಬೇಕು. ಓಡಿಸಿದವರಿಗೆ ನಿಂಬೆ ಸೋಡಾ, ಹಿಂದೆ ಕೂತು ಬಂದವರಿಗೆ ಬಿಯರು. ಹೀಗಾಗಿ ನಲವತ್ತು ವರ್ಷ ಬಾರಿಗೆ ಹೋಗಿ ಬರೀ ಸೋಡಾ ಕುಡಿದ ಮನುಷ್ಯ ನನ್ನ ಮಾವ. ಕಣ್ಣು ಹೋದಮೇಲೆ ಬಿಯರು ಸಿಕ್ಕಿತು, ಕುರ್ಚಿ ಮಾತ್ರ ಬಿಡಲಿಲ್ಲ. ಎರಡು ದೋಣಿಯ ಮೇಲೆ ಕಾಲಿಡುವುದು ಅಂದರೆ ಇದೇ ಅಂತ ನಾನು ಒಳಗೊಳಗೇ ಗೊಣಗುತ್ತಿದ್ದೆ.

ಮೊದಲನೆಯದು ಸೇತುವೆಯ ಕೆಳಗಿನ ಬಾರು. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡು ಹೂತುಹೋಗದಿರಲೆಂದು ಬಾಗಿಲಲ್ಲಿ ಮರದ ತುಂಡುಗಳನ್ನು ಇಟ್ಟಿರುತ್ತಾರೆ. ಒಂದನ್ನು ಸ್ಟ್ಯಾಂಡಿನಡಿಗೆ ಕೊಟ್ಟು ಒಳಗೆ ಕೂತೆವು. ಮಾವ ಕಿಟಕಿಯತ್ತ ಮುಖ ಎತ್ತಿ, ಬೈಕು ಆರಾಮಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದೆ ಅಂತ ನನಗೆ ವರದಿ ಒಪ್ಪಿಸಿದರು. ನೋಡುವವರಿಗೆ ಕಣ್ಣಿಲ್ಲ, ಕಣ್ಣಿದ್ದವಳಿಗೆ ಕಿಟಕಿಯಿಲ್ಲ. ನಾನು ಹೂಂ ಅಂದೆ.

ಎರಡನೆಯದರಲ್ಲಿ ಗ್ರೀಸು ಮೆತ್ತಿದ ಕೈ ತೊಳೆಯಲು ಹೊರಗೇ ನಲ್ಲಿ, ಸೋಪು, ಹಳೇ ಬಟ್ಟೆ. ಕೈ ತೋರಿಸದೆ ಆ ಬಾರಿನ ದಪ್ಪ ಹೆಂಗಸು ಯಾರನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿ ಮಾವ, ಬೈಕಿನ ಕನ್ನಡಿಯ ಮೇಲೆ ಪಾರಿವಾಳ ಕೂತಿದೆ ನೋಡು ಅಂದರು. ಪದ್ಧತಿ ಮುರಿದು ಕದ್ದು ತಿರುಗಿ ನೋಡಿದೆ. ನಿಜವಾಗಿಯೂ ಕೂತಿತ್ತು.

ಅಲ್ಲಿಂದ ಹೊರಟಾಗ ಬಿಸಿಲು ಹಳದಿಗೆ ತಿರುಗಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು ಕೂತ ಮಾವ, ತಿರುವು ಬರುವ ಮೊದಲೇ ಆ ಕಡೆಗೆ ವಾಲುತ್ತಿದ್ದರು. ಅಂಗಡಿಗಳು, ಬಾಲ್ಕನಿಯ ಬಟ್ಟೆಗಳು, ಬಸ್ಸಿನೊಳಗಿನ ಮುಖಗಳು, ಎಲ್ಲ ನೀರಿನಡಿಯಲ್ಲಿ ಇದ್ದಂತೆ ಮೆಲ್ಲಗೆ ಅಲುಗಿ ಹಿಂದೆ ಸರಿದವು. ಬೈಕು ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ನಾಳೆಯಿಂದ ಇದು ನನಗಿಲ್ಲ ಎಂದುಕೊಂಡೆ.

ಮೂರನೆಯದು ರೈಲು ಹಳಿಯ ಪಕ್ಕದ್ದು. ಮುಂದೆ ಜಾಗವಿಲ್ಲದೆ ಬೈಕನ್ನು ಜಲ್ಲಿ ಹಾಸಿದ ಹಿತ್ತಲಿನಲ್ಲಿ ನಿಲ್ಲಿಸಿದೆ. ಅದನ್ನು ಮಾವನಿಗೆ ಹೇಳಲಿಲ್ಲ, ಕೈಹಿಡಿದು ಒಳಗೆ ಕರೆತಂದೆ. ಕಿಟಕಿಯಾಚೆ ಯಾರದೋ ಹಸಿರು ವ್ಯಾನು ಅಡ್ಡ ನಿಂತಿತ್ತು. ಮಾವ ಅದರತ್ತ ಮುಖ ಮಾಡಿ, ಟ್ಯಾಂಕಿನ ಮೇಲೆ ಸಂಜೆ ಬಿದ್ದಿದೆ, ಸೀಟಿಗೆ ನೀನು ಹಾಕಿದ ಹೊಲಿಗೆ ಹೊಳೆಯುತ್ತಿದೆ ಅಂತ ಹೇಳುತ್ತಲೇ ಹೋದರು.

ಆಮೇಲೆ ಅವರು ಎದ್ದು, ಮೇಜಿನ ಅಂಚು ತಡವುತ್ತಾ ನನ್ನ ಕಡೆಗೆ ಬಂದರು.

"ಏಳು. ಆ ಕಡೆ ಹೋಗಿ ಕೂತ್ಕೊ."

ಕೂತೆ. ಮಾವ ಕಿಟಕಿಗೆ ಬೆನ್ನು ಹಾಕಿದರು.

"ಈಗ ನೀನ್ ಹೇಳು. ಏನ್ ಮಾಡ್ತಿದೆ?"

ವ್ಯಾನು ಇದೆ ಅಂತ ಹೇಳಲು ನಾಲಿಗೆ ಏಳಲಿಲ್ಲ. "ನಿಂತಿದೆ ಮಾವ. ಮುಂದಿನ ಚಕ್ರ ಚೂರು ಎಡಕ್ಕೆ ತಿರುಗಿಸ್ಕೊಂಡಿದೆ. ಹೊರಡೋಣ್ವಾ ಅಂತ ಕೇಳ್ತಿದೆ." ಹೇಳುತ್ತಿದ್ದಂತೆ ಅದು ನಿಜವಾಗಿಯೂ ಕಂಡಿತು.

ಮಾವ ನಕ್ಕರು. "ಜಲ್ಲಿ ಮೇಲೆ ಸ್ಟ್ಯಾಂಡ್ ಹಾಕಿದ್ದು ನಂಗೆ ಕೇಳಿಸ್ತು ಕಣಮ್ಮಾ. ಬೈಕು ಹಿತ್ತಲಲ್ಲಿದೆ."

"ಮತ್ತೆ ಇಷ್ಟೊತ್ತು ನೀವು ಹೇಳಿದ್ದು?"

"ನೀನು ಈಗ ಹೇಳಿದ್ಯಲ್ಲ, ಹಂಗೇ. ಎಡಕ್ಕೆ ತಿರುಗಿ ನಿಲ್ಲೋದು ಅದರ ಚಾಳಿ. ನನ್ನ ತಂಗಿ ಮಗನಿಗೆ ಇವತ್ತಿಗೂ ಅದು ಗೊತ್ತಿಲ್ಲ."

ಅಷ್ಟರಲ್ಲಿ ಬಾರಿನವನು ಎರಡು ಗ್ಲಾಸು ತಂದು, ಕುರ್ಚಿ ಬದಲಾಗಿದ್ದು ಕಂಡು ತಡವರಿಸಿದ. ಮಾವ ಬಿಯರನ್ನು ತಮ್ಮ ಕಡೆಗೆ ಎಳೆದುಕೊಂಡು, "ಸೋಡಾ ಬೈಕಿನ ಯಜಮಾನ್ತಿಗೆ" ಅಂದರು.

ಹಸಿರು ವ್ಯಾನು ಕಣ್ಣೆದುರೇ ಕಲಸಿಹೋಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ನಾಳೆ ನಿಮ್ಮ ತಂಗಿಯ ಮಗ ಬಂದರೆ ಏನು ಹೇಳುವುದು ಅಂತ ಕೇಳಿದೆ.

ಅವನು ವಾಪಸ್ಸು ಹೋಗುವ ಬಸ್ಸಿನ ನಂಬರು ಹೇಳು ಅಂದರು.