ಸಿಮೆಂಟಿಗೆ ಹಚ್ಚಿದ ಅರಿಶಿನ

ತೊಟ್ಟಿಲನ್ನು ಅಷ್ಟು ಎತ್ತರ ಕಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೂಸು ಅತ್ತಾಗಲೆಲ್ಲ ಅಜ್ಜಿ ಸ್ಟೂಲು ಹತ್ತಿ ಜಂತೆಯ ಕಡೆ ಕೈ ಚಾಚಬೇಕಾಗಿತ್ತು. ಅಜ್ಜಿಯ ಹೆಸರು ದುಂಡವ್ವ. ಹೆಸರು ಮಾತ್ರ ದುಂಡು. ಆಳು ಕಡ್ಡಿ, ಮಾತು ಮೆಣಸಿನಕಾಯಿ.

ಇದಕ್ಕೆಲ್ಲ ಕಾರಣ ನಮ್ಮ ಕಂಪನಿಯ ಬಾವಿ. ನೀರಿನ ಬಾವಿಯಲ್ಲ. ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಪಾತಾಳದ ಕಲ್ಲಿನೊಳಗೆ ಒತ್ತಿ ತುಂಬುವ ಕೊಳವೆಬಾವಿ. ಕಬ್ಬಿಣದ ಕೊಳವೆಗೂ ಸುತ್ತಲಿನ ಬಂಡೆಗೂ ನಡುವಿನ ಸಂದನ್ನು ಸಿಮೆಂಟಿನಿಂದ ಮುಚ್ಚಿದ್ದೆವು. ಅನಿಲ ಮೇಲೆ ಬಾರದಂತೆ ತಡೆಯಬೇಕಾದದ್ದು ಆ ಸಿಮೆಂಟೇ. ಎಷ್ಟೋ ವರ್ಷದ ಕೆಳಗೆ ಮುಂದೆ ನಿಂತು ಅದನ್ನು ಇಳಿಸಿದವನು ನಾನು. ದುಂಡವ್ವನ ಮನೆ ಬಾವಿಯ ಬೇಲಿಗೆ ಹತ್ತಿಕೊಂಡೇ ಇತ್ತು.

ಊರ ಸಭೆಯಲ್ಲಿ ನಮ್ಮ ಮೇಲಧಿಕಾರಿಗಳು ಎರಡು ನಿಜ ಹೇಳಿ ಎಲ್ಲರನ್ನೂ ಹೆದರಿಸಿದರು. ಆ ಅನಿಲ ನೆಲದಡಿಯ ನೀರಿಗೆ ಬೆರೆತರೆ ಹುಳಿಯಾಗುತ್ತದೆ, ಹುಳಿ ಸಿಮೆಂಟನ್ನು ತಿನ್ನುತ್ತದೆ ಎಂಬುದು ಒಂದು. ಹೊರಗೆ ಬಂದರೆ ಅದು ಗಾಳಿಗಿಂತ ಭಾರ, ನೆಲ ಹಿಡಿದೇ ಹರಡುತ್ತದೆ ಎಂಬುದು ಇನ್ನೊಂದು. ದುಂಡವ್ವ ಮನೆಗೆ ಹೋದವಳೇ ತೊಟ್ಟಿಲನ್ನು ಮೇಲೇರಿಸಿದಳು. ಮಗಳು ಸುವರ್ಣಾ ಹಸಿ ಬಾಣಂತಿ. ಅವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಮುದುಕಿ ನಿದ್ದೆಗೆಟ್ಟು ಕಾವಲು ಕುಳಿತಳು.

ಕೊನೆಗೆ, ಆಳದಲ್ಲಿ ಕೊಳವೆಯ ಪಕ್ಕ ಕೊರೆದು ಸಿಮೆಂಟಿನ ಒಂದು ತುಂಡನ್ನು ಮೇಲೆ ತೆಗೆಸಿದೆವು. ಅದನ್ನು ಊರವರ ಎದುರೇ ಪರೀಕ್ಷಿಸಬೇಕೆಂದು ದುಂಡವ್ವ ಹಟ ಹಿಡಿದಳು. ಅವಳ ಪಡಸಾಲೆಯಲ್ಲೇ ಜನ ಸೇರಿದರು. ನಾನು ಚೀಲದಿಂದ ಪರೀಕ್ಷೆಯ ದ್ರಾವಣದ ಸೀಸೆ ತೆಗೆದೆ.

"ಇದನ್ನ ಹಾಕಿದ್ರ ಗಟ್ಟಿ ಸಿಮೆಂಟ್ ಗುಲಾಬಿ ಬಣ್ಣ ಆಗತೈತಿ. ಹುಳಿ ತಿಂದದ್ದಕ್ಕ ಬಣ್ಣ ಏರಂಗಿಲ್ಲ."

"ಸಿಮೆಂಟೂ ನಿಮ್ದು, ಸೀಸೇನೂ ನಿಮ್ದು," ಎಂದಳು ದುಂಡವ್ವ. "ಹೆತ್ತವ್ರಿಗೆ ಹೆಗ್ಗಣ ಮುದ್ದು ಸಾಹೇಬ್ರ. ಅದರಾಗ ಏನ್ ಕಲಸೀರೋ ಯಾರಿಗ್ ಗೊತ್ತು?"

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನಿಮ್ಮ ಅಡಗಿಮನಿ ಅರಿಶಿಣ ತರ್ರಿ. ಸುಣ್ಣ ಕೂಡಿದ್ರ ಅರಿಶಿಣ ಕೆಂಪಾಗೂದು, ಮೊನ್ನೆ ಕೂಸಿಗೆ ಆರತಿ ಎತ್ತಿದ ನಿಮಗ ನಾ ಹೇಳಬೇಕೇನು? ಗಟ್ಟಿ ಸಿಮೆಂಟಿನಾಗೂ ಸುಣ್ಣದ ಗುಣ ಇರತೈತಿ. ಹುಳಿ ತಿಂದಿದ್ರ ಹಳದಿ ಉಳೀತೈತಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೂರಾ ಹಳದಿ ಉಳಿದರೆ ಈ ಮನೆ ಖಾಲಿ ಮಾಡಿ ಎಂದು ಹಸಿ ಬಾಣಂತಿಗೆ ಹೇಳಬೇಕಾದವನೂ ನಾನೇ ಎಂಬುದು ಆಮೇಲೆ ಹೊಳೆಯಿತು.

ಸುವರ್ಣಾ ಬಟ್ಟಲಲ್ಲಿ ಅರಿಶಿನ ಕಲಸಿ ತಂದಳು. ನಾನು ಸುತ್ತಿಗೆಯಿಂದ ತುಂಡನ್ನು ಒಡೆದು, ಒಳಮೈ ಮೇಲೆ ಬರುವಂತೆ ಇಟ್ಟೆ. ದುಂಡವ್ವ ಅನಿಲ ತಾಗಿದ್ದ ಅಂಚಿನಿಂದ ತನ್ನ ಬೆರಳಲ್ಲೇ ಹಚ್ಚತೊಡಗಿದಳು. ಹಳದಿ. ಹಳದಿಯಾಗಿಯೇ ಉಳಿಯಿತು. ಮೇಲೆ ತೊಟ್ಟಿಲಲ್ಲಿ ಕೂಸು ಮಿಸುಕಿತು.

ಬೆರಳು ಒಳಕ್ಕೆ ಸರಿಯಿತು. ಉಗುರಿನಗಲ ದಾಟುತ್ತಿದ್ದಂತೆ ಅರಿಶಿನ ಕೆಂಪಾಯಿತು. ಅಲ್ಲಿಂದ ಆ ತುದಿಯವರೆಗೂ ಕೆಂಪು, ಆರತಿ ತಟ್ಟೆಯ ನೀರಿನದೇ ಕೆಂಪು. ಜೀವ ಬಂತು ನನಗೆ.

"ಅಂಚ್ಯಾಕ ಹಳದಿ ಉಳೀತು?" ಮುದುಕಿ ಬಿಡಲಿಲ್ಲ.

"ಅಲ್ಲಿತನಕ ಹುಳಿ ಮುಟ್ಟೇತಿ, ಸುಳ್ಳ್ ಹೇಳಂಗಿಲ್ಲ. ಮುಟ್ಟಿದ್ದು ಸುಣ್ಣಗಲ್ಲಾಗಿ ಬಿಗಿದೈತಿ. ಆ ಪದರಾನ ಈಗ ಹುಳಿಗೆ ಅಡ್ಡ ನಿಂತೈತಿ. ಇಷ್ಟು ವರ್ಷಕ್ಕ ಇಷ್ಟ. ಮುಂದ ಇನ್ನೂ ನಿಧಾನ."

ಆಕೆ ಸೂಜಿ ತರಿಸಿ ಹಳದಿ ಅಂಚನ್ನು ಗೀರಿದಳು. ಪುಡಿ ಉದುರಲಿಲ್ಲ. ಮತ್ತೂ ಒತ್ತಿ ಗೀರಿದಾಗ ಸೂಜಿಯೇ ಬಾಗಿತು.

"ಮುಂದೂ ಹಿಂಗ ಮತ್ತ ತುಂಡು ತಗದು ತೋರಸ್ತೀರೇನು?"

"ತೋರಸ್ತೀವಿ ಯವ್ವಾ. ಇಲ್ಲೇ, ನಿಮ್ಮ ಎದುರಿಗೇ."

"ಬರ್ರಿ. ಅರಿಶಿಣ ಮಾತ್ರ ನಮ್ದ ಇರಬೇಕು."

ಜನ ಗೊಳ್ಳೆಂದು ನಕ್ಕರು. ನಾನೂ ಗೋಡೆಗೆ ಒರಗಿ ಕುಳಿತು ನಕ್ಕೆ. ದುಂಡವ್ವ ಮೊಮ್ಮಗನನ್ನು ಇಳಿಸಿಕೊಂಡು, ನೆಲಕ್ಕೆ ಕೌದಿ ಹಾಸಿ ಮಲಗಿಸಿದಳು. ಪಕ್ಕದಲ್ಲಿ ಬರಿನೆಲದ ಮೇಲೆ ತಾನೂ ಅಡ್ಡಾದಳು.

ಸುವರ್ಣಾ ಚಹಾ ತರುವಷ್ಟರಲ್ಲಿ ಮುದುಕಿ ನೆಲಕ್ಕೆ ಕೆನ್ನೆ ಒತ್ತಿ ಗೊರಕೆ ಹೊಡೆಯುತ್ತಿದ್ದಳು. ನಾವು ಚಹಾ ಕುಡಿಯಲಿಲ್ಲ. ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಗಳನ್ನು ಮೆಟ್ಟದೆ ಕೈಯಲ್ಲಿ ಹಿಡಿದು, ಬಿಸಿಲಿಗೆ ಕಾದ ಓಣಿಯಲ್ಲಿ ಅಷ್ಟೂ ಜನ ತುದಿಗಾಲಲ್ಲಿ ನಡೆದುಹೋದೆವು.